ಬೆಂಕಿಯ ಕೆರೆ

ಝೋಲೆನ್ ಶಿಬಿರ, ಬರ್ಮಾ ಗಡಿಯ ಈಚೆ
೬ ಫೆಬ್ರವರಿ ೨೦೨೨

ಬೋಯಿ ಚುಂಗನ ಅಪ್ಪನಿಗೆ,

ನಾವು ಮೂವರೂ ಸುಖವಾಗಿ ಮುಟ್ಟಿದೆವು. ತಿಯಾವು ಹೊಳೆಯಲ್ಲಿ ನೀರು ಮೊಣಕಾಲಿಗಿಂತ ಮೇಲಿರಲಿಲ್ಲ. ಅತ್ತೆಯನ್ನು ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ತಂದವರಿಗೆ ದಾರಿಯುದ್ದಕ್ಕೂ ಬೈಗುಳ. "ಮೆಲ್ಲಗೆ ನಡೀರೋ, ನಾನೇನು ಜೋಳದ ಮೂಟೇನಾ?" ಪಾರ್ ತೇ ಮಾತ್ರ ಒಂದು ಮಾತೂ ಆಡದೆ ನಡೆದಳು. ನಮ್ಮ ಬಾಯಿಬಡುಕಿ ಮಗಳು ಅಷ್ಟು ಸುಮ್ಮನಿದ್ದದ್ದು ನೋಡಿ ನನಗೆ ಗುಂಡಿನ ಸದ್ದಿಗಿಂತ ಹೆಚ್ಚು ಹೆದರಿಕೆಯಾಯಿತು.

ಇಲ್ಲಿನ ಮಿಜೋ ಹೆಂಗಸರು ಕಂಬಳಿ ಕೊಟ್ಟರು, ಬಿದಿರು ಕೊಟ್ಟರು. ಗುಡ್ಡದ ಇಳಿಜಾರಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದೇವೆ. ಫೋನು ಇಲ್ಲಿ ಹಿಡಿಯುತ್ತದೆ, ಆದರೆ ನಿಮ್ಮ ಕಡೆ ಹಿಡಿಯದ ಮೇಲೆ ಹಿಡಿದೇನು ಸುಖ? ಅಕ್ಕಿ, ಔಷಧಿ ಹೊತ್ತು ಆಚೆಗೆ ಹೋಗುವವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಶಿಬಿರದಲ್ಲಿ ಒಬ್ಬ ಬೋಧಕರಿದ್ದಾರೆ, ಪು ಸಾಂಗ್ ಹ್ಲುನ್ ಅಂತ. ಮೊದಲು ಮರ ಕೊಯ್ಯುವ ಕೆಲಸ ಮಾಡುತ್ತಿದ್ದರಂತೆ. ಬಿಳಿ ಬಟ್ಟೆಯ ಮೇಲೆ ಅಂತ್ಯಕಾಲದ ಚಿತ್ರ ಬರೆಸಿಕೊಂಡು ಬಂದಿದ್ದಾರೆ. ಏಳು ತಲೆಯ ಮೃಗ, ಒಂದೊಂದು ತಲೆಗೂ ಸೈನ್ಯದ ಟೋಪಿ. ಜೂನ್ ಕಳೆಯುವುದರೊಳಗೆ ಕರ್ತನು ಮೇಘಗಳ ಮೇಲೆ ಬಂದು ನಂಬಿದವರನ್ನೆಲ್ಲ ಎತ್ತಿಕೊಂಡು ಹೋಗುತ್ತಾನೆ ಎನ್ನುತ್ತಾರೆ. ಅದನ್ನು ಕೇಳಿ ಪಕ್ಕದ ಗುಡಿಸಲಿನವರು ಹುಲ್ಲು ಹೊದಿಸುವುದನ್ನೇ ನಿಲ್ಲಿಸಿದ್ದಾರೆ. "ಅಕ್ಕಾ, ಜೂನ್‌ವರೆಗೆ ಟಾರ್ಪಾಲು ಸಾಕಲ್ವಾ?" ಅಂದಳು ಆ ಹೆಂಗಸು. "ಕರ್ತ ಬರೋ ದಿನಾನೇ ಮಳೆ ಬಂದ್ರೆ ಏನ್ ಮಾಡ್ತೀಯ?" ಅಂದೆ.

ನಕ್ಕೆನಾದರೂ ಒಳಗೆ ಏನೋ ಕೊರೆಯುತ್ತಿದೆ. ನೀವು ಸತ್ಯವೇದ ಶಾಲೆಯಲ್ಲಿ ಓದಿದ ಸಭಾಪಾಲಕರು. ನಾನು ನಿಮ್ಮ ಉಪದೇಶ ಕೇಳುತ್ತಾ ಬಂದ ಇಷ್ಟು ವರ್ಷಗಳಲ್ಲಿ ಬೈಬಲಿನ ಕೊನೆಗೆ ಬರುವ ಯೋಹಾನನ ಆ ದರ್ಶನವನ್ನು ನೀವು ಒಮ್ಮೆಯೂ ಎತ್ತಿಕೊಂಡಿಲ್ಲ. ಯಾಕೆ? ಜನ ಇಲ್ಲಿ ಅದನ್ನು ಬಿಟ್ಟು ಬೇರೇನೂ ಕೇಳುತ್ತಿಲ್ಲ.

ಆಲೂಗಡ್ಡೆ ಕಿತ್ತು ಮುಗಿದ ಮೇಲೆ ಬರುತ್ತೇನೆ ಅಂದಿರಿ. ಆಲೂಗಡ್ಡೆ ನೆಪ ಎಂದು ನನಗೆ ಗೊತ್ತು. ದೂರ ನಡೆಯಲಾಗದ ಮುದುಕರನ್ನು ಬಿಟ್ಟು ಬರಲು ನಿಮಗೆ ಕಾಲು ಏಳುತ್ತಿಲ್ಲ. ಆದರೂ ಬನ್ನಿ.

ಮೆನ್ ತಿಯಲ್


ಫುನ್‌ಚುಂಗ್
೨೭ ಫೆಬ್ರವರಿ ೨೦೨೨

ಬೋಯಿ ಚುಂಗನ ಅಮ್ಮನಿಗೆ,

ನಿನ್ನ ಕಾಗದ ಸಿಕ್ಕಿತು. ಅಮ್ಮನ ಜೋಳದ ಮೂಟೆಯ ಮಾತನ್ನು ಎಲ್ಲರಿಗೂ ಓದಿ ಹೇಳಿದೆ, ಎಲ್ಲರೂ ನಕ್ಕರು. ಇಲ್ಲಿ ಎಲ್ಲ ಕ್ಷೇಮ. ದೇವಾಲಯ ಚೆನ್ನಾಗಿದೆ. ವಿಮಾನದ ಭಯಕ್ಕೆ ನಾವು ಮಾತ್ರ ಹಳ್ಳದ ಮೇಲಿನ ಗುಹೆಗೆ ಬಂದಿದ್ದೇವೆ. ಹಗಲು ಹೊಗೆ ಕಾಣಿಸದ ಹಾಗೆ ಅಡಿಗೆ ಮಾಡುವುದನ್ನು ಪಿ ಝಿಂಗ್ ಅಜ್ಜಿ ಕಲಿತಿದ್ದಾಳೆ. ಅದೇ ಜೋಳದ ಗಂಜಿ, ಅದೇ ಸಾಸಿವೆ ಸೊಪ್ಪು.

ಆ ದರ್ಶನವನ್ನು ನಾನು ಬೋಧಿಸದಿದ್ದಕ್ಕೆ ಕಾರಣ ಸಣ್ಣದು. ಓದಿದ ಮರುಕ್ಷಣ ಜನ ಆ ಮೃಗ ಯಾರು ಎಂದು ಹೆಸರು ಕೇಳುತ್ತಾರೆ. ನನ್ನ ಗುರುಗಳ ಬಾಲ್ಯದಲ್ಲಿ ಮೃಗವೆಂದರೆ ಜಪಾನಿನವರಾಗಿದ್ದರಂತೆ, ಆಮೇಲೆ ಕಮ್ಯುನಿಸ್ಟರಾದರು. ಹೆಸರು ಬದಲಾಗುತ್ತಾ ಹೋಯಿತು, ಹೇಳುವವರ ಧೈರ್ಯ ಮಾತ್ರ ಬದಲಾಗಲಿಲ್ಲ. ನನಗೆ ಆ ಧೈರ್ಯವಿರಲಿಲ್ಲ.

ಆದರೆ ಈಗ ತಪ್ಪಿಸಿಕೊಳ್ಳುವ ಹಾಗಿಲ್ಲ. ಕಳೆದ ಭಾನುವಾರ ಪಿ ಝಿಂಗ್, "ಸಭಾಪಾಲಕರೇ, ಕೊನೇದು ಯಾವಾಗ ಹೇಳ್ತೀರಿ, ನಾವು ಸತ್ತ ಮೇಲಾ?" ಎಂದು ಕೇಳಿಯೇಬಿಟ್ಟಳು. ಗುಹೆಯಲ್ಲೇ ಶುರು ಮಾಡಿದೆ. ಹೊಸ ಭೂಮಿಯಲ್ಲಿ ಸಮುದ್ರವೇ ಇರುವುದಿಲ್ಲ ಎಂದು ಮೊದಲೇ ಬಾಯಿ ತಪ್ಪಿ ಹೇಳಿದೆ. "ನಾವು ನೋಡೇ ಇಲ್ಲದ ಸಮುದ್ರ ಇದ್ರೆಷ್ಟು ಬಿಟ್ರೆಷ್ಟು? ಗುಡ್ಡ ಇರ್ತದಾ, ಅದ್ ಹೇಳಿ" ಅಂದಳು. ಏಳು ದೂತರು ಏಳು ತುತೂರಿ ಊದುವುದನ್ನು ಹೇಳುವಾಗ ಪು ಕಾಪ್ ಲಿಯಾನ್ ಅಜ್ಜ ಕಿವಿಗೆ ಕೈ ಹಿಡಿದು, "ಎಪ್ಪತ್ತು ಊದಿದ್ರೂ ನನಗೆ ಕೇಳ್ಸಲ್ಲ, ಎದ್ದೇಳೋ ಹೊತ್ತಿಗೆ ಯಾರಾದ್ರೂ ತಿವೀರಪ್ಪಾ" ಎಂದು ಅರಚಿದ. ಅವನ ಕಿವುಡು ನಿನಗೆ ಗೊತ್ತಲ್ಲ. ಬೇಡವಾದದ್ದು ಮಾತ್ರ ಕೇಳಿಸದು. ಮೃಗದ ಭಾಗ ಬಂದಾಗ ಚೆನ್ನಾಗಿ ಕೇಳಿಸಿತು. "ಹೆಸರು ಹೇಳಿ" ಅಂದ. ಅವನ ಮಗನನ್ನು ಹೊಲದಲ್ಲೇ ಹೊಡೆದು ಹಾಕಿದವರು ಯಾರೆಂದು ಎಲ್ಲರಿಗೂ ಗೊತ್ತು. ನಾನು ಮುಂದಿನ ವಾಕ್ಯಕ್ಕೆ ಹೋದೆ.

ಬೋಯಿ ಚುಂಗ್ ಬಂದಿದ್ದ. ಹೆಗಲಲ್ಲಿ ಬಂದೂಕು. ತೆಳ್ಳಗಾಗಿದ್ದಾನೆ. ಪ್ರಾರ್ಥನೆ ಮಾಡಿ ಕಳಿಸು ಅಂದ. ನಿನಗೆ ಮಾಡುತ್ತೇನೆ, ಬಂದೂಕು ಆಚೆ ಇಟ್ಟು ಬಾ ಅಂದೆ. "ಇದನ್ನ ಬಿಟ್ಟು ನಾನು ಬೇರೆ, ನನ್ನ ಬಿಟ್ಟು ಇದು ಬೇರೆ ಅಂತ ಈಗಿಲ್ಲ ಅಪ್ಪಾ" ಅಂದ. ನಾನು ಕೈಯೆತ್ತಲಿಲ್ಲ. ಬಟ್ಟಲಿಗೆ ಹಾಕಿದ ಗಂಜಿಯನ್ನು ಮುಟ್ಟದೆ ಹೋದ. ಇನ್ನೊಮ್ಮೆ ಬಂದಾಗ ಮಾತಾಡುತ್ತೇನೆ. ಸೈನ್ಯದ ವಿರುದ್ಧ ಎದ್ದ ಅವನ ಪಡೆ ಉತ್ತರದ ಕಡೆ ಹೋಗಿದೆಯಂತೆ, ಅಲ್ಲಿ ಸದ್ಯ ಶಾಂತ.

ತ್ಲುಂಗ್ ಮಾಂಗ್


ಝೋಲೆನ್ ಶಿಬಿರ
೨೦ ಮಾರ್ಚ್ ೨೦೨೨

ಬೋಯಿ ಚುಂಗನ ಅಪ್ಪನಿಗೆ,

"ದೇವಾಲಯ ಚೆನ್ನಾಗಿದೆ." ಅಕ್ಕಿ ಹೊರುವವರು ಇಲ್ಲಿ ಬಾಯಿಗೆ ಹೊಲಿಗೆ ಹಾಕಿಕೊಂಡಿಲ್ಲ ಸ್ವಾಮಿ. ನಾವು ಹೊಳೆ ದಾಟಿದ ವಾರವೇ ಸೈನ್ಯದವರು ಅದಕ್ಕೆ ಬೆಂಕಿ ಹಾಕಿದರು, ಗಂಟೆ ಕೆಳಗೆ ಬಿದ್ದು ಬಿರಿಯಿತು, ಹಾಡಿನ ಪುಸ್ತಕ ತರಲು ಒಳಗೆ ನುಗ್ಗಿ ನೀವು ಎಡಗೈ ಸುಟ್ಟುಕೊಂಡಿರಿ. ಎಲ್ಲ ಗೊತ್ತಾಯಿತು. ಸತ್ಯ ಬೋಧಿಸುವವರು ಹೆಂಡತಿಗೆ ಬರೆಯುವಾಗ ಮಾತ್ರ ರಜೆ ತೆಗೆದುಕೊಳ್ಳುತ್ತೀರೋ? ಅರಶಿನ ಹಚ್ಚಿದ್ದೀರಾ? ಕೀವಾಗಿದೆಯಾ? ಅದನ್ನಾದರೂ ನಿಜ ಬರೆಯಿರಿ.

ಬೋಯಿ ಚುಂಗನ ವಿಷಯ ಓದಿದೆ. ಇಲ್ಲಿ ಪು ಸಾಂಗ್ ಹ್ಲುನ್ ಆಚೆ ಹೋಗುವ ಮಕ್ಕಳ ತಲೆಯ ಮೇಲೆ ಒಂದು ಕೈ, ಬಂದೂಕಿನ ಮೇಲೆ ಒಂದು ಕೈ ಇಟ್ಟು ಆಶೀರ್ವಾದ ಮಾಡುತ್ತಾರೆ. ಅವರು ಹೇಳುವುದರಲ್ಲಿ ಅರ್ಧವನ್ನು ನಾನು ನಂಬುವುದಿಲ್ಲ. ಆದರೂ ಆ ಮಕ್ಕಳು ಎದ್ದು ಹೋಗುವಾಗ ಅವರ ಮುಖ ನೋಡಿದ್ದೇನೆ. ನಮ್ಮವನ ಮುಖ ಹಾಗಿರಲಿಲ್ಲ ಅಲ್ಲವೇ?

ಕೈಯೆತ್ತಿದ್ದರೆ ನಿಮ್ಮದೇನು ಹೋಗುತ್ತಿತ್ತು? ಅವನು ಮಗ. ದರ್ಶನದಲ್ಲಿ ಬಿಳಿ ಕುದುರೆಯ ಮೇಲೆ ಬರುವವನ ಬಾಯಲ್ಲೂ ಕತ್ತಿಯಿದೆ ಎಂದು ಇಲ್ಲಿ ಕೇಳಿದೆ.

ಅತ್ತೆಗೆ ಕೆಮ್ಮು. ಪಾರ್ ತೇ ಮಿಜೋ ಮಕ್ಕಳ ಜೊತೆ ಜಗಳವಾಡಿ ಬಂದಳು. ಅಂದರೆ ಮಾತು ಮರಳಿದೆ, ಸಂತೋಷ.

ಮೆನ್ ತಿಯಲ್


ಫುನ್‌ಚುಂಗ್
೯ ಏಪ್ರಿಲ್ ೨೦೨೨

ಬೋಯಿ ಚುಂಗನ ಅಮ್ಮನಿಗೆ,

ಕೈ ಮಾಯುತ್ತಿದೆ. ಎರಡು ಬೆರಳು ಮಡಚುವುದಿಲ್ಲ. ಅಲ್ಲಿ ಹೊಸ ಜಾಗದಲ್ಲಿ ಕೂತು ನೀನು ಹಳೆಯದಕ್ಕೆ ಅಳುವುದು ಬೇಡವೆಂದು ಮುಚ್ಚಿಟ್ಟೆ. ಇನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ.

ಕಳೆದ ತಿಂಗಳ ಕೊನೆಗೆ ಕೆಳಗಿನ ಸೇತುವೆಯ ಹತ್ತಿರ ದೊಡ್ಡ ಕಾಳಗವಾಯಿತು. ನಮ್ಮ ಹುಡುಗರು ಕಾದು ಕೂತು ಹೊಡೆದರು. ಸೈನ್ಯದವರು ಹೆಣಗಳನ್ನೂ ಬಿಟ್ಟು ಓಡಿದರು. ನಮ್ಮವರೂ ಕೆಲವರು ಬಿದ್ದರಂತೆ, ಯಾರೆಂದು ತಿಳಿಯಲಿಲ್ಲ. ಹುಡುಗರ ಪಡೆಯೂ ಅಂದೇ ಜಾಗ ಬಿಟ್ಟಿತು. ಎರಡು ದಿನ ಬಿಟ್ಟು ಗೆಣಸು ಕೀಳಲು ಹೋದ ಪಿ ಝಿಂಗ್ ಹೊಲದ ಗುಂಡಿಯಲ್ಲಿ ಒಬ್ಬನನ್ನು ಕಂಡಳು. ಸೈನಿಕ. ತೊಡೆಗೆ ಗುಂಡು ಬಿದ್ದಿತ್ತು, ಜ್ವರದಲ್ಲಿ ಹಸಿ ಗೆಣಸು ಜಗಿಯುತ್ತಿದ್ದ. ಅವಳು ಓಡಿ ಬರುವ ಬದಲು ಅವನನ್ನು ಬೈದಳಂತೆ: "ಮಣ್ಣಾದ್ರೂ ಒರೆಸ್ಕೊಂಡು ತಿನ್ನೋ!"

ನಾವು ಅವನನ್ನು ಗುಹೆಗೆ ಹೊತ್ತು ತಂದೆವು. ಪು ಕಾಪ್ ಲಿಯಾನ್ ಕತ್ತಿ ಹಿಡಿದು ಎದ್ದು ನಿಂತ. ಪಿ ಝಿಂಗ್ ಗಂಜಿಯ ಬಟ್ಟಲು ಹಿಡಿದು ನಡುವೆ ಬಂದು, "ಮೊದ್ಲು ತಿನ್ಲಿ. ಆಮೇಲೆ ಕೊಲ್ಲೋದಾದ್ರೆ ಕೊಲ್ಲು. ಹೊಟ್ಟೆ ಹಸಿದವನ್ನ ಕೊಂದ ಅಂತ ನಾಳೆ ನಿನ್ನ ಹೆಸರು ಹೇಳ್ಬೇಕಾ?" ಅಂದಳು. ಅವನು ತಿಂದ. ಪು ಕಾಪ್ ಲಿಯಾನ್ ನೋಡುತ್ತಾ ಕೂತ. ಆಮೇಲೆ ಕತ್ತಿಯನ್ನು ಗೋಡೆಗೆ ಒರಗಿಸಿ ಮಲಗಿದ. ಅಷ್ಟೇ ನಡೆದದ್ದು.

ಹೆಸರು ಥೆತ್ ಪಾಯಿಂಗ್. ಬಯಲು ಸೀಮೆಯ ಬೌದ್ಧರ ಮನೆಯವನು. ನಮ್ಮ ಭಾಷೆ ಬಾರದು, ನನ್ನ ಬರ್ಮೀಸ್ ಕೇಳಿ ನೋವಿನಲ್ಲೂ ನಗುತ್ತಾನೆ. ನಮ್ಮ ಬೋಯಿ ಚುಂಗನ ಓರಗೆಯವನು, ಅವನ ಹಾಗೆಯೇ ಕಾಲ ಮೇಲೆ ಕಾಲು ಹಾಕಿ ಮಲಗಲು ಹೋಗಿ ಚೀರುತ್ತಾನೆ. ಮಗ ನಿನ್ನ ಕಡೆ ಬಂದರೆ ಹೇಳು, ಅಪ್ಪ ಒಬ್ಬ ಸೈನಿಕನನ್ನು ಸೆರೆ ಹಿಡಿದಿದ್ದಾನೆ, ಗಂಜಿಯಿಂದ ಎಂದು. ನಗಲಿ. ನನ್ನ ಮೇಲಿನ ಕೋಪ ಸ್ವಲ್ಪ ಇಳಿಯಲಿ.

ತ್ಲುಂಗ್ ಮಾಂಗ್


ಝೋಲೆನ್ ಶಿಬಿರ
೨೪ ಏಪ್ರಿಲ್ ೨೦೨೨

ಪಾರ್ ತೇಯ ಅಪ್ಪನಿಗೆ,

ಕಾಗದ ಸಿಕ್ಕಿತು. ನಾವು ಇದ್ದೇವೆ. ಅತ್ತೆಯ ಕೆಮ್ಮು ಹಾಗೇ ಇದೆ.

ಆ ಸೈನಿಕನ ಬಗ್ಗೆ ನನಗೆ ಹೆಚ್ಚು ಬರೆಯಬೇಡಿ. ಅವನು ಹೇಗೆ ಮಲಗುತ್ತಾನೆ ಎಂದು ಬರೆಯಬೇಡಿ. ಒಂದು ಮಾತ್ರ ಕೇಳಿ ತಿಳಿಸಿ. ಸೇತುವೆಯ ಹತ್ತಿರ ಅವನು ಗುಂಡು ಹಾರಿಸಿದನೇ? ಹಾರಿಸಿದ್ದರೆ ಯಾರಿಗೆ ತಾಗಿತು?

ಮೆನ್ ತಿಯಲ್


ಫುನ್‌ಚುಂಗ್
೧೫ ಮೇ ೨೦೨೨

ಬೋಯಿ ಚುಂಗನ ಅಮ್ಮನಿಗೆ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿ ಎಂದೂ ಬಂದಿರಲಿಲ್ಲ. ಅದರ ಮೇಲೆ ನನ್ನನ್ನು ಪಾರ್ ತೇಯ ಅಪ್ಪ ಎಂದು ಕರೆದಿದ್ದೀಯ. ಮದುವೆಯಾದ ಮರುವರ್ಷದಿಂದ ಹಿರಿಯ ಮಗನ ಹೆಸರಿನಿಂದಲೇ ಕರೆದವಳು ನೀನು. ಏನಿದು, ಮಗನ ಪರವಾಗಿ ಮುನಿಸೋ? ಇರಲಿ, ಚಿಕ್ಕವಳಿಗೂ ಒಮ್ಮೆ ಮರ್ಯಾದೆ ಸಿಗಲಿ.

ನಿನ್ನ ಹೆದರಿಕೆ ಅರ್ಥವಾಗುತ್ತದೆ. ಶತ್ರುವನ್ನು ಸಾಕುತ್ತಿದ್ದೇನೆ, ನಮ್ಮ ಹುಡುಗರು ನನ್ನನ್ನು ದ್ರೋಹಿ ಎನ್ನುತ್ತಾರೆ ಎಂದಲ್ಲವೇ? ಅವರಿಗೆ ಹೇಳಿಯೇ ಇಟ್ಟುಕೊಂಡಿದ್ದೇನೆ. ಅವನನ್ನು ಒಯ್ದು ಕಾಪಾಡಲು ಅವರಿಗೂ ಜಾಗವಿಲ್ಲ.

ನೀನು ಕೇಳಿದ್ದನ್ನು ಕೇಳಿದೆ. ಸುತ್ತು ಬಳಸಲಿಲ್ಲ ಅವನು. ಗುರುಗಳನ್ನು ಕರೆಯುವ ಹಾಗೆ ನನ್ನನ್ನು ಸಯಾ ಎನ್ನುತ್ತಾನೆ. "ಹಾರಿಸಿದೆ ಸಯಾ. ಹೊಗೆಯೊಳಗೆ ಹಾರಿಸಿದೆ. ಹಾರಿಸದಿದ್ರೆ ಹಿಂದಿನಿಂದ ನಮ್ಮೋರೇ ಹೊಡೀತಿದ್ರು. ಯಾರಿಗೆ ತಾಗ್ತೋ ಗೊತ್ತಿಲ್ಲ" ಅಂದ. ಆಮೇಲೆ ಗೋಡೆಯ ಕಡೆ ಹೊರಳಿದ.

ಉಪದೇಶ ಮುಂದುವರಿದಿದೆ. ಯೂದ ಕುಲದ ಸಿಂಹ ಗೆದ್ದಿತು ಎಂಬ ಕೂಗು ಕೇಳಿ ಯೋಹಾನ ನೋಡುತ್ತಾನೆ. ಅಲ್ಲಿರುವುದು ಸಿಂಹವಲ್ಲ, ಕೊರಳು ಕೊಯ್ದ ಗುರುತಿರುವ ಕುರಿಮರಿ. ಗೆದ್ದದ್ದು ಅದು. ನಾನು ಇಷ್ಟು ದಿನ ಓದಿದ್ದೆ, ನೋಡಿರಲಿಲ್ಲ. ಹಿರಿಯರಿಗೆ ಇದು ಅಷ್ಟೇನೂ ಹಿಡಿಸಲಿಲ್ಲ. ಮೃಗವನ್ನು ಬೆಂಕಿಯ ಕೆರೆಗೆ ಎಸೆಯುವ ಭಾಗ ಬಂದಾಗ ಮಾತ್ರ ಎಲ್ಲರೂ ಚಪ್ಪಾಳೆ ತಟ್ಟಿದರು. ಥೆತ್ ಪಾಯಿಂಗ್ ಎದ್ದು ಕೂತು, ಏನಂತೆ, ಯಾಕೆ ಖುಷಿ ಎಂದು ಕೇಳಿದ. "ಒಳ್ಳೇ ದಿನ ಬರುತ್ತಂತೆ" ಅಂದೆ. ಅವನೂ ಚಪ್ಪಾಳೆ ತಟ್ಟಿದ.

ಮಗನ ಸುದ್ದಿ ಏನಾದರೂ ಬಂತೇ?

ತ್ಲುಂಗ್ ಮಾಂಗ್


ಝೋಲೆನ್ ಶಿಬಿರ
೨೯ ಮೇ ೨೦೨೨

ಪಾರ್ ತೇಯ ಅಪ್ಪನಿಗೆ,

ಕೂತು ಓದಿ. ಪಕ್ಕದಲ್ಲಿ ಪಿ ಝಿಂಗ್ ಇರಲಿ.

ಬೋಯಿ ಚುಂಗ್ ಇಲ್ಲ. ಉತ್ತರಕ್ಕೆ ಹೋಗಿರಲಿಲ್ಲ. ಸೇತುವೆಯ ಹತ್ತಿರವೇ ಇದ್ದ. ಅಲ್ಲಿ ಹೊಟ್ಟೆಗೆ ಗುಂಡು ಬಿತ್ತು. ಅವನ ಜೊತೆಯವರು ಕಂಬಳಿಯಲ್ಲಿ ಕಟ್ಟಿ ಕಾಡಿನ ದಾರಿಯಲ್ಲಿ ಈ ಕಡೆ ಹೊತ್ತು ತಂದರು. ಶಿಬಿರದ ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗಿಸಿದೆವು. ಆಸ್ಪತ್ರೆಯ ಗಾಡಿ ಬರುವ ಮೊದಲೇ ಹೋದ. ಗಾಯ ಕೊಳೆತು ವಾಸನೆ ಬರುತ್ತಿತ್ತು. ನನ್ನ ಮಗನ ಮೈಯಿಂದ ಆ ವಾಸನೆ.

ಅವನು ಕೇಳಿದ್ದು ನೀರು, ಆಮೇಲೆ ಇನ್ನೂ ನೀರು. ದೊಡ್ಡ ಮಾತೇನೂ ಆಡಲಿಲ್ಲ. ನಿಮ್ಮ ಬಗ್ಗೆ ಏನಾದರೂ ಅಂದನಾ ಎಂದು ನೀವು ಕೇಳುತ್ತೀರಿ. ಇಲ್ಲ. ಈ ವಿಷಯದಲ್ಲಿ ನಿಮ್ಮನ್ನು ಸಮಾಧಾನ ಮಾಡಲು ಸುಳ್ಳು ಬರೆಯಲಾರೆ.

ಮಣ್ಣು ಮಾಡಿ ಬಂದ ವಾರದಲ್ಲೇ ನಿಮ್ಮ ಆ ಕಾಗದ ಬಂತು, ಗಂಜಿಯ ಕಾಗದ. ಅಪ್ಪ ಗಂಜಿಯಿಂದ ಸೆರೆ ಹಿಡಿದಿದ್ದಾನೆಂದು ಮಗನಿಗೆ ಹೇಳು, ನಗಲಿ ಎಂದು ಬರೆದಿದ್ದಿರಿ.

ಇಷ್ಟು ದಿನ ಯಾಕೆ ಹೇಳಲಿಲ್ಲ? ಅಕ್ಕಿ ಹೊರುವವರಿಗೆ ಕೈಮುಗಿದು ಬೇಡಿಕೊಂಡಿದ್ದೆ, ಬಾಯಿ ಬಿಡಬೇಡಿ ಎಂದು. ನೀವು ಅಲ್ಲಿ ಒಬ್ಬರೇ ಕುಸಿದರೆ ಆ ಮುದುಕರ ಗತಿಯೇನು ಎಂಬುದು ಒಂದು. ಇನ್ನೊಂದೂ ಇದೆ. ನಿಮಗೆ ಹೇಳಿದರೆ ನೀವು ಅದಕ್ಕೂ ಒಂದು ವಚನ ಹುಡುಕುತ್ತೀರಿ ಎಂದು ಹೆದರಿದೆ. ಪು ಸಾಂಗ್ ಹ್ಲುನ್ ಗುಂಡಿಯ ಬದಿಯಲ್ಲಿ ನಿಂತು ಜಯ, ಜಯ ಎಂದು ಹಾಡಿಸಿದರು. ನಾನು ಬಗ್ಗಿ ಮಣ್ಣು ಹಾಕಿದೆ.

ಈಗ ನಿಮ್ಮ ಕುರಿಮರಿಯ ಮಾತು ಓದಿದೆ. ನನಗೆ ಅದು ಬೇಡ. ನನಗೆ ಆ ಬೆಂಕಿಯ ಕೆರೆ ಬೇಕು. ಅದೊಂದನ್ನು ನನ್ನಿಂದ ಕಿತ್ತುಕೊಳ್ಳಬೇಡಿ. ಅದು ಉರಿಯುತ್ತಿದೆ ಎಂದು ನೆನೆದುಕೊಂಡರೆ ಮಾತ್ರ ಒಲೆಯ ಮುಂದೆ ಕೂರಲು ಆಗುತ್ತಿದೆ.

ಯಾರಿಗೆ ತಾಗಿತೋ ಗೊತ್ತಿಲ್ಲವಂತೆ. ಅವನಿಗೆ ಗೊತ್ತಿಲ್ಲ, ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೊಲ್ಲಿ ಎಂದು ನಾನು ಬರೆಯುವುದಿಲ್ಲ. ಹೊರಗೆ ಕಳಿಸಿಬಿಡಿ. ಆಮೇಲೆ ಏನಾಯಿತು ಎಂದು ನನಗೆ ತಿಳಿಸಬೇಡಿ.

ಮೆನ್ ತಿಯಲ್


ಝೋಲೆನ್ ಶಿಬಿರ
೨೬ ಜೂನ್ ೨೦೨೨

ಪಾರ್ ತೇಯ ಅಪ್ಪನಿಗೆ,

ನಿಮ್ಮಿಂದ ಒಂದಕ್ಷರವೂ ಇಲ್ಲ. ಹೊಳೆ ತುಂಬಿದೆ, ಹೊರುವವರು ದಾಟುತ್ತಿಲ್ಲ. ಆ ಬದಿಯ ಗುಡ್ಡಗಳಲ್ಲಿ ಹೊಗೆ ಕಾಣುತ್ತಿದೆ. ಸೈನ್ಯ ಮತ್ತೆ ಮೇಲೆ ಬಂದಿದೆಯಂತೆ. ಈ ಕಾಗದ ಯಾರ ಕೈಗೆ ಕೊಡಲಿ ಎಂದೇ ತಿಳಿಯದೆ ಬರೆಯುತ್ತಿದ್ದೇನೆ.

ನನ್ನ ಮೇಲೆ ಕೋಪವಿದ್ದರೆ ಕೋಪವನ್ನೇ ಬರೆಯಿರಿ. ನಾನು ಬರೆದದ್ದರಲ್ಲಿ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನೀವು ಬದುಕಿರಬೇಕು.

ಮೆನ್ ತಿಯಲ್


ಹೊಳೆಯಂಚಿನ ಹಳ್ಳಿಯಿಂದ, ಗಡಿಯ ಈಚೆ
೧೭ ಜುಲೈ ೨೦೨೨

ಮೆನ್ ತಿಯಲ್,

ಬದುಕಿದ್ದೇನೆ. ಹೊಳೆ ದಾಟಿ ನಿನ್ನ ಬದಿಗೇ ಬಂದಿದ್ದೇನೆ, ದಕ್ಷಿಣಕ್ಕೆ ದೂರದಲ್ಲಿ. ಜ್ವರ ಹಿಡಿದಿದೆ, ರಸ್ತೆ ಗುಡ್ಡ ಕುಸಿದು ಮುಚ್ಚಿದೆ. ಪಿ ಝಿಂಗ್ ನನ್ನ ಪಕ್ಕದಲ್ಲೇ ಕೂತು ಬೈಯುತ್ತಾ ಗಂಜಿ ಕುಡಿಸುತ್ತಿದ್ದಾಳೆ.

ನಿನ್ನ ಕಾಗದ ಸಿಕ್ಕಿತ್ತು. ನೀನು ಹೇಳಿದ ಹಾಗೆ ಕೂತು ಓದಿದೆ. ನೀನು ಹೆದರಿದ ವಚನ ನನ್ನ ಬಾಯಿಗೆ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಬೆಳಿಗ್ಗೆ ಕತ್ತಿ ತೆಗೆದುಕೊಂಡು ಗುಹೆಯ ಒಳಗೆ ಹೋದೆ. ಬಿದಿರು ಕಡಿಯಲು ಎಂದು ನನಗೆ ನಾನೇ ಹೇಳಿಕೊಂಡೆ. ಗುಹೆಯೊಳಗೆ ಎಲ್ಲಿಯ ಬಿದಿರು? ಆ ಸೈನಿಕ ಮಲಗಿದ್ದ. ನಾನು ನಿಂತೇ ಇದ್ದೆ. ಪು ಕಾಪ್ ಲಿಯಾನ್ ಹಿಂದಿನಿಂದ ಬಂದು ನನ್ನ ಕೈ ಹಿಡಿದು, "ಕೊಡಿ ಇಲ್ಲಿ ಸಭಾಪಾಲಕರೇ. ಇದು ನಿಮ್ಮ ಕೈಗೆ ಒಗ್ಗೋದಲ್ಲ" ಅಂದ. ಕಿತ್ತುಕೊಂಡ. ಅವನ ಮುಂದೆ ನಾನು ಅತ್ತುಬಿಟ್ಟೆ, ಅವನು ತನಗೇನೂ ಕೇಳಿಸದವನ ಹಾಗೆ ಆ ಕಡೆ ನೋಡುತ್ತಾ ಕೂತ.

ಆಮೇಲೆ ಥೆತ್ ಪಾಯಿಂಗ್‌ಗೆ ಹೇಳಿದೆ. ನನ್ನ ಮಗ ಆ ಸೇತುವೆಯಲ್ಲಿ ಸತ್ತ ಎಂದು ಮಾತ್ರ. ಅವನು ಊಟ ಬಿಟ್ಟ. ಪಿ ಝಿಂಗ್ ಬಲವಂತ ಮಾಡಿ ತಿನ್ನಿಸಿದಳು. ಅವನಿಗೆ ತಿನ್ನಿಸಲು ನನ್ನಿಂದ ಆಗಲಿಲ್ಲ. ಉಪದೇಶವನ್ನೂ ನಿಲ್ಲಿಸಿದೆ. ಯಾರೂ ಮುಂದೇನು ಎಂದು ಕೇಳಲಿಲ್ಲ.

ನೀನು ಬೆಂಕಿಯ ಕೆರೆ ಬೇಕು ಅಂದೆ. ಅದನ್ನು ನಿನ್ನಿಂದ ಕಿತ್ತುಕೊಳ್ಳಲು ನಾನು ಯಾರು? ಅದು ಬರೆದಿದೆ, ಕೆಡುಕು ಅಲ್ಲಿ ಉರಿದುಹೋಗಲೇಬೇಕು. ಉರಿಯದಿದ್ದರೆ ನಮ್ಮ ಮಗ ಸತ್ತದ್ದಕ್ಕೆ ಲೆಕ್ಕವೇ ಇಲ್ಲ. ಆದರೆ ಯಾರನ್ನು ನೂಕಬೇಕು ಎಂಬುದನ್ನು ನನ್ನ ಕೈಗೆ ಕೊಟ್ಟಿಲ್ಲ. ಕೊಟ್ಟಿದ್ದರೆ ಆ ಬೆಳಿಗ್ಗೆ ನಾನು ನೂಕಿಬಿಡುತ್ತಿದ್ದೆ.

ಜೂನ್ ಕೊನೆಗೆ ಸೈನ್ಯ ಹಳ್ಳದ ಕೆಳಗಿನವರೆಗೆ ಬಂತು. ಉಳಿದವರನ್ನೆಲ್ಲ ಮೊದಲೇ ಸಾಗಿಸಿದ್ದೆವು. ಕೊನೆಗೆ ಪಿ ಝಿಂಗ್, ಪು ಕಾಪ್ ಲಿಯಾನ್, ಆ ಸೈನಿಕ, ಮೂವರು ಉಳಿದರು. ಹೊರಲು ಇದ್ದವರು ಇಬ್ಬರೇ: ಪಿ ಝಿಂಗಳನ್ನು ಅವಳ ಅಳಿಯ, ಉಳಿದ ಇಬ್ಬರಲ್ಲಿ ಒಬ್ಬನನ್ನು ನಾನು. ನಾನು ಬುಟ್ಟಿಯನ್ನು ಪು ಕಾಪ್ ಲಿಯಾನ್ ಮುಂದೆ ಇಟ್ಟೆ. ಅವನು ಕಾಲಿನಿಂದ ಅದನ್ನು ಆಚೆಗೆ ನೂಕಿದ.

"ಇವನ್ನ ಹೊತ್ಕೊಳ್ಳಿ. ಇವನ್ನ ಇಲ್ಲಿ ಬಿಟ್ರೆ ಅವರು ಒದ್ದು ದಾರಿ ಕೇಳ್ತಾರೆ, ಇವನು ಹೇಳ್ತಾನೆ. ನನ್ನ ಒದ್ದು ಕೇಳಿದ್ರೆ ನನಗೆ ಕಿವೀನೇ ಕೇಳ್ಸಲ್ಲ."

"ಅಜ್ಜಾ, ನಾನು ಇವನಿಗಾಗಿ ನಿಮ್ಮನ್ನ ಬಿಟ್ಟು ಹೋಗ್ಲಾರೆ."

"ಇವನಿಗಾಗಿ ಅಂತ ಯಾರು ಹೇಳಿದ್ರು? ಆ ಮುದುಕಿ ಸಿಕ್ಕಿಬೀಳಬಾರ್ದು ಅಂತ. ಸುಮ್ನೆ ಹೊರಡಿ, ಉಪದೇಶ ಬೇಡ."

ಅವನು ಮನಸ್ಸು ಬದಲಾಯಿಸಿದನೋ, ಬರೀ ಯುಕ್ತಿಯ ಮಾತಾಡಿದನೋ ನನಗೆ ತಿಳಿಯದು. ನಾನು ಆ ಸೈನಿಕನನ್ನು ಹೊತ್ತೆ. ಬುಟ್ಟಿಯ ಪಟ್ಟಿ ಹಣೆಗೆ ಕೊರೆಯುತ್ತಿತ್ತು, ಅವನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಬೋಯಿ ಚುಂಗ್ ಚಿಕ್ಕವನಿದ್ದಾಗ ಹೊತ್ತದ್ದು ನೆನಪಾಯಿತು ಎಂದು ಬರೆದರೆ ಸುಳ್ಳಾದೀತು. ಏನೂ ನೆನಪಾಗಲಿಲ್ಲ. ಭಾರ ಮಾತ್ರ ಇತ್ತು. ನಾನು ಅವನನ್ನು ಕ್ಷಮಿಸಿರಲಿಲ್ಲ, ಈಗಲೂ ಇಲ್ಲ. ಹೊತ್ತೆ, ಅಷ್ಟೇ.

ಅವರಿಬ್ಬರನ್ನು ಬಿದಿರಿನ ತೆಪ್ಪದಲ್ಲಿ ದಾಟಿಸಿ ಮರುದಿನ ಹಿಂದಕ್ಕೆ ಹೋದೆ. ಪು ಕಾಪ್ ಲಿಯಾನ್ ಗುಹೆಯ ಬಾಯಲ್ಲಿ ಬಂಡೆಗೆ ಒರಗಿ ಕೂತಿದ್ದ. ಎದೆಯಲ್ಲಿ ಗುಂಡು. ಬೆರಳುಗಳನ್ನು ಮುರಿದಿದ್ದರು. ಏನು ಕೇಳಿದರೋ, ಏನು ಕೇಳಿಸಲಿಲ್ಲವೋ. ಸೈನ್ಯ ನಮ್ಮ ದಾರಿಗೆ ಬರಲಿಲ್ಲ. ಅಲ್ಲೇ ಮಣ್ಣು ಮಾಡಿದೆ. ಮಣ್ಣು ಹಾಕುವಾಗ, ಸತ್ತವರು ಏಳುವ ದಿನ ಇವನನ್ನು ಯಾರಾದರೂ ತಿವಿದು ಎಬ್ಬಿಸಲಿ ಕರ್ತನೇ ಎಂದು ಬೇಡಿಕೊಂಡೆ. ನನಗೆ ಬಂದ ಪ್ರಾರ್ಥನೆ ಅದೊಂದೇ.

ಸೈನಿಕನ ತೊಡೆ ಮತ್ತೆ ಕೀವು ಹಿಡಿಯಿತು. ಇಲ್ಲಿನ ಸಭೆಯವರು ರಸ್ತೆ ಮುಚ್ಚುವ ಮೊದಲೇ ಅವನನ್ನು ಝೋಲೆನ್ ಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಅದು ನಿನ್ನ ಶಿಬಿರಕ್ಕೆ ಹತ್ತಿರ. ನೀನು ಹೋಗಬೇಕೆಂದು ಬರೆಯುತ್ತಿಲ್ಲ. ಇನ್ನು ನಿನ್ನಿಂದ ಮುಚ್ಚಿಡುವುದಿಲ್ಲ ಅಂದಿದ್ದೆನಲ್ಲ, ಅದಕ್ಕೆ.

ತ್ಲುಂಗ್ ಮಾಂಗ್


ಝೋಲೆನ್ ಶಿಬಿರ
೭ ಆಗಸ್ಟ್ ೨೦೨೨

ಬೋಯಿ ಚುಂಗನ ಅಪ್ಪನಿಗೆ,

ಹೀಗೇ ಕರೆಯುತ್ತೇನೆ. ಬೇರೆ ಹೆಸರು ಬಾಯಿಗೆ ಸಪ್ಪೆ ಎನಿಸುತ್ತದೆ. ಸತ್ತರೂ ಹಿರಿಯ ಮಗ ಅವನೇ.

ಜೂನ್ ಕಳೆಯಿತು. ಕೊನೆಯ ದಿನ ಜನರೆಲ್ಲ ತೊಳೆದ ಬಟ್ಟೆ ಉಟ್ಟು ಮೈದಾನದಲ್ಲಿ ಕೂತರು. ಮಳೆ ಹೊಯ್ಯಿತು. ಮಕ್ಕಳು ನೆನೆದು ನಡುಗಿದವು. ಪು ಸಾಂಗ್ ಹ್ಲುನ್ ಲೆಕ್ಕದಲ್ಲಿ ಒಂದು ವರ್ಷ ತಪ್ಪಿದೆ ಅಂದರು, ಕೆಲವರು ನಂಬಿದರು, ಕೆಲವರು ಅವರ ಬಟ್ಟೆಯ ಚಿತ್ರವನ್ನು ಹರಿದರು. ಪಕ್ಕದ ಗುಡಿಸಲು ಜಾರಿ ಬಿತ್ತು. ಅವಳ ಕೂಸಿಗೆ ನ್ಯುಮೋನಿಯ ಆಗಿ ತೀರಿಕೊಂಡಿತು. ಅವಳು ನನ್ನ ಹತ್ತಿರ ಬಂದು, "ಅಕ್ಕಾ, ನಿಮ್ಮ ಯಜಮಾನರು ಓದಿದೋರಲ್ವಾ, ಬರ್ತಾನೋ ಇಲ್ವೋ, ಒಂದೇ ಮಾತಲ್ಲಿ ಕೇಳಿ ಹೇಳಿ" ಅಂದಳು. ಅವಳ ಜೊತೆ ಕೂತೆ.

ನಾನು ಆಸ್ಪತ್ರೆಗೆ ಹೋದೆ. ನಿಮಗಾಗಿ ಅಲ್ಲ. ಮುಖದ ಮೇಲೆ ಉಗುಳಬೇಕೆಂದು ಹೋದೆ. ದಾರಿಯಲ್ಲಿ ಮಾತುಗಳನ್ನೂ ಜೋಡಿಸಿಕೊಂಡಿದ್ದೆ.

ಮೂಲೆಯ ಮಂಚದಲ್ಲಿದ್ದ. ಇಷ್ಟು ಸಣ್ಣವನೆಂದುಕೊಂಡಿರಲಿಲ್ಲ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ, "ಅಮ್ಮಾ" ಅಂದ, ಅವರಲ್ಲಿ ಎಲ್ಲ ಹೆಂಗಸರನ್ನೂ ಹಾಗೇ ಕರೆಯುತ್ತಾರಲ್ಲ. "ಸೇತುವೆ ಹತ್ರ ಗುಂಡು ಹಾರಿಸಿದ್ಯಾ?" ಎಂದು ನನ್ನ ಹರಕು ಬರ್ಮೀಸ್‌ನಲ್ಲೇ ಕೇಳಿದೆ. "ಹಾರಿಸ್ದೆ." "ಯಾರಿಗೆ?" ಅವನು ನನ್ನ ಮುಖ ನೋಡಿದ. ಆಗ ಅವನಿಗೆ ಗೊತ್ತಾಯಿತು. ಎರಡೂ ಕೈ ಜೋಡಿಸಿ ಹಣೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದ, ಹೊಡೆತಕ್ಕೆ ಕಾಯುವವನ ಹಾಗೆ.

ಅಷ್ಟರಲ್ಲಿ ಆ ವಾಸನೆ ಬಂತು. ಪಟ್ಟಿ ಬದಲಿಸದೆ ಎಷ್ಟು ಹೊತ್ತಾಗಿತ್ತೋ. ಶಾಲೆಯ ಬೆಂಚಿನ ಮೇಲೆ ನಮ್ಮವನ ಮೈಯಿಂದ ಬಂದದ್ದೇ ವಾಸನೆ, ಕೂದಲೆಳೆಯಷ್ಟೂ ಬೇರೆ ಇಲ್ಲ. ನರ್ಸಮ್ಮ ಎಲ್ಲೋ ಹೋಗಿದ್ದರು. ನಾನು ನೀರು ಕಾಯಿಸಿ ತಂದು ಪಟ್ಟಿ ಬಿಚ್ಚಿದೆ. ಅವನು ಚೀರಿದ. ಮೆಲ್ಲಗೆ ಮಾಡಲಿಲ್ಲ ನಾನು, ನೋವಾಗಲಿ ಎಂದೇ ಉಜ್ಜಿದೆ. ಆದರೆ ಪೂರಾ ತೊಳೆದೆ. ಹೊಸ ಪಟ್ಟಿ ಕಟ್ಟಿದೆ. ಕಟ್ಟುವಾಗ ಅಳು ಬಂತು, ನನಗೂ ಅವನಿಗೂ, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕ್ಷಮಿಸಿದೆ ಎಂದು ಬರೆಯುತ್ತೇನೆ ಅಂದುಕೊಂಡಿರಾ? ಇಲ್ಲ. ಬೆಂಕಿಯ ಕೆರೆ ನನಗೆ ಈಗಲೂ ಬೇಕು. ಆದರೆ ಅದರ ದಡದಲ್ಲಿ ನಿಂತು ಯಾರನ್ನು ತೋರಿಸಲಿ ಎಂದರೆ ಮೊದಲಿನಷ್ಟು ಚುರುಕಾಗಿ ಬೆರಳು ಏಳುತ್ತಿಲ್ಲ. ಆ ದಿನ ಎಲ್ಲರ ಕಣ್ಣೀರನ್ನೂ ಕರ್ತನೇ ಒರೆಸುತ್ತಾನೆ ಎನ್ನುತ್ತಾರಲ್ಲ. ನಾನೂ ಆ ಸೈನಿಕನೂ ಎದುರುಬದುರು ನಿಂತಿರುವಾಗ ಹೇಗೆ ಒರೆಸುತ್ತಾನೋ ಅವನೇ ಬಂದು ನೋಡಿಕೊಳ್ಳಲಿ. ನನ್ನಿಂದಾಗುವುದು ಪಟ್ಟಿ ಕಟ್ಟುವುದಷ್ಟೇ. ನಾಳಿದ್ದು ಇನ್ನೊಮ್ಮೆ ಹೋಗುತ್ತೇನೆ. ಆ ನರ್ಸಮ್ಮನನ್ನು ನಂಬಲು ಆಗುವುದಿಲ್ಲ.

ನಿಮಗೆ ನಾನು ಇನ್ನೊಂದು ಹೇಳಿಲ್ಲ. ಬೋಯಿ ಚುಂಗ್ ಹೋದದ್ದು ಅತ್ತೆಗೆ ಗೊತ್ತಿಲ್ಲ. ಅವರು ಆಗ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರು, ಶಿಬಿರದವರೆಲ್ಲ ಅವರ ಮುಂದೆ ಬಾಯಿ ಕಟ್ಟಿಕೊಂಡಿದ್ದಾರೆ. ಈಗ ಎದ್ದು ಕೂರುತ್ತಾರೆ. ದಿನಾ ಸಂಜೆ ಗುಡಿಸಲ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಹೊಳೆಯ ದಾರಿ ನೋಡುತ್ತಾರೆ. ಪಾರ್ ತೇ ಎಬ್ಬಿಸಲು ಹೋದರೆ, "ಸುಮ್ನಿರೇ, ನಿಮ್ಮಣ್ಣ ಹಸಿದು ಬರ್ತಾನೆ, ಬಂದಾಗ ಯಾರೂ ಕಾಯ್ತಿರಲಿಲ್ಲ ಅಂತ ಆಗಬಾರ್ದು" ಎನ್ನುತ್ತಾರೆ. ಹುಡುಗಿ ಒಳಗೆ ಬಂದು ಗೋಡೆ ನೋಡುತ್ತಾಳೆ.

ರಸ್ತೆ ತೆರೆದ ಕೂಡಲೇ ಬನ್ನಿ. ಅವರಿಗೆ ಹೇಳುವುದು ನನ್ನೊಬ್ಬಳಿಂದ ಆಗುತ್ತಿಲ್ಲ.

ಮೆನ್ ತಿಯಲ್